ಮಕ್ಕಳ ಜೊತೆ ಒಂದು ತಿಂಗಳು ಹೊರದೇಶದಲ್ಲಿ: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂದು ತಿಂಗಳು ಹೊರದೇಶದಲ್ಲಿ ಇದ್ದು ಬರ್ತೀವಿ ಅಂದರೆ ನಮ್ಮ ಕಡೆ ಎರಡು ಪ್ರಶ್ನೆ ಗ್ಯಾರಂಟಿ. "ಲಾಟರಿ ಹತ್ತಿತೇನ್ರೀ?" ಅಂತ ಪಕ್ಕದ ಮನೆಯವರು. "ಕೂಸಿಗೆ ಅಲ್ಲೆ ಏನ್ ತಿನಸ್ತೀಯವಾ?" ಅಂತ ಮನೆಯ ಹಿರಿಯರು. ಊಟದ ಮಾತಿಗೆ ಆಮೇಲೆ ಬರುತ್ತೇನೆ. ದುಡ್ಡಿನ ಮಾತು ಇಷ್ಟೇ: ಐದು ದಿನ ಇದ್ದರೂ ವಿಮಾನದ ಟಿಕೆಟ್ ಅಷ್ಟೇ, ತಿಂಗಳು ಇದ್ದರೂ ಅಷ್ಟೇ. ಖರ್ಚು ಕೈ ಮೀರುವುದು ಓಡಾಟದಿಂದ. ಇವತ್ತು ಒಂದೂರು, ನಾಳೆ ಇನ್ನೊಂದೂರು, ಮೂರು ಹೊತ್ತೂ ಹೋಟೆಲ್ ಊಟ, ಹೊರಗೆ ಕಾಲಿಟ್ಟರೆ ಟ್ಯಾಕ್ಸಿ. ಅದರ ಬದಲು ಒಂದೇ ಊರಲ್ಲಿ ಒಂದೇ ಮನೆ ಹಿಡಿದು, ಸಂತೆಯಿಂದ ತರಕಾರಿ ತಂದು ಅಡುಗೆ ಮಾಡಿಕೊಂಡು, ಸಂಜೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಾ ಇದ್ದರೆ ಖರ್ಚು ಹಿಡಿತದಲ್ಲಿರುತ್ತದೆ. ಮಕ್ಕಳಿಗೆ ಬೇಕಾಗಿರುವುದೂ ಅದೇ. ನಾಲ್ಕು ವರ್ಷದ ಮಗುವಿಗೆ ಕ್ವಾಲಾಲಂಪುರದ ಪೆಟ್ರೋನಾಸ್ ಗೋಪುರಕ್ಕಿಂತ ನೀವಿರುವ ಕಟ್ಟಡದ ಲಿಫ್ಟ್ ಬಟನ್ ಜಾಸ್ತಿ ಇಷ್ಟ. ಸುಮ್ನೆ ಹೇಳ್ತಿಲ್ಲ, ನೀವೇ ನೋಡ್ತೀರಿ.

ಯಾವಾಗ ಹೋಗುವುದು

ಮಗು ಒಂದನೇ ತರಗತಿಗೆ ಸೇರುವ ಮುಂಚೆ ಹೋಗುವುದು ಒಳ್ಳೆಯದು. ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದು 6ರಿಂದ 14 ವರ್ಷದ ಮಕ್ಕಳನ್ನು. ಎಲ್‌ಕೆಜಿ, ಯುಕೆಜಿಯಲ್ಲಿ ಒಂದು ತಿಂಗಳು ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ಶಾಲೆಗೆ ಹೋಗುವ ದೊಡ್ಡ ಮಗುವೂ ಇದ್ದರೆ ಏಪ್ರಿಲ್-ಮೇ ರಜೆ ಇದೆ, ಇಲ್ಲವಾದರೆ ದಸರಾ ರಜೆಗೆ ಒಂದಿಷ್ಟು ದಿನ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿಕೊಳ್ಳುವುದಾದರೆ ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಮಾತಾಡಿ, ಒಂದು ಅರ್ಜಿ ಬರೆದುಕೊಟ್ಟು ಹೋಗಿ. ಬಂದಮೇಲೆ ಕಾರಣ ಹೇಳುವುದಕ್ಕಿಂತ ಅದು ಎಷ್ಟೋ ಮೇಲು. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಪಿಡಿಎಫ್ ಆಗಿ ಸಿಗುತ್ತವೆ. ಫೋನಿಗೆ ಇಳಿಸಿಕೊಂಡರೆ ಬ್ಯಾಗಿನ ಭಾರ ಕಡಿಮೆ.

ಇನ್ನೊಂದು ಲೆಕ್ಕ ವಿಮಾನದ್ದು. ಎರಡು ವರ್ಷದೊಳಗಿನ ಕೂಸು ತೊಡೆಯ ಮೇಲೆ ಕೂತು ಕಡಿಮೆ ದುಡ್ಡಲ್ಲಿ ಬರುತ್ತದೆ. ಎರಡು ತುಂಬಿದ ಮೇಲೆ ಬೇರೆ ಸೀಟು, ಅದರಲ್ಲೂ ಅಗ್ಗದ ವಿಮಾನಗಳಲ್ಲಿ ದೊಡ್ಡವರ ದರವೇ. ಅಲ್ಲಿರುವಾಗಲೇ ಎರಡನೇ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ತೆಗೆದುಕೊಳ್ಳಬೇಕು. ಬುಕ್ ಮಾಡುವಾಗಲೇ ಇದನ್ನು ನೋಡಿಕೊಳ್ಳಿ.

ಪಾಸ್‌ಪೋರ್ಟ್

ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದುಡ್ಡು ಕಟ್ಟಿ, ತಾರೀಖು ತೆಗೆದುಕೊಂಡು ಮಗುವನ್ನು ಕರೆದುಕೊಂಡು ಹೋಗಬೇಕು. ಮಕ್ಕಳ ಪಾಸ್‌ಪೋರ್ಟ್‌ಗೆ 1000 ರೂಪಾಯಿ, ದೊಡ್ಡವರ 36 ಪುಟದ್ದಕ್ಕೆ 1500. ಎಂಟು ವರ್ಷದೊಳಗಿನವರ ಹೊಸ ಪಾಸ್‌ಪೋರ್ಟ್‌ಗೆ ಶೇಕಡ 10 ರಿಯಾಯಿತಿ ಇದೆ. ಮಕ್ಕಳದು ಐದೇ ವರ್ಷ ನಡೆಯುತ್ತದೆ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ, ಅಂದರೆ ಮಗುವಿನ ಪಾಸ್‌ಪೋರ್ಟ್‌ಗೆ ಹೆತ್ತವರ ಒಪ್ಪಿಗೆಯ ಘೋಷಣೆ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಗುವಿನ ಫೋಟೋ ನೀವೇ ತೆಗೆಸಿಕೊಂಡು ಹೋಗಬೇಕು, ಬಿಳಿ ಹಿನ್ನೆಲೆ ಇರಲಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಾದರೆ ಹುಟ್ಟಿದ ತಾರೀಖಿಗೆ ಜನನ ಪ್ರಮಾಣಪತ್ರ ಒಂದೇ ಪುರಾವೆ, ಬೇರೆ ಯಾವುದೂ ನಡೆಯುವುದಿಲ್ಲ.

ಇಷ್ಟೇನಾ ಅಂತ ಅನ್ನಿಸಬಹುದು. ನಮ್ಮ ಕಡೆ ಗಂಟು ಬೀಳುವುದು ಹೆಸರಲ್ಲಿ. ತಾಯಿಯ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಮತ್ತು ಅಡ್ಡಹೆಸರು, ಮಗುವಿನ ಜನನ ಪ್ರಮಾಣಪತ್ರದಲ್ಲಿ ಆಸ್ಪತ್ರೆಯವರು ಬರೆದುಕೊಂಡ ಮೂರನೇ ರೂಪ. ಗಂಡಸರ ಕಥೆ ಬೇರೆ. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್, ಇಂಗ್ಲಿಷ್ ಅಕ್ಷರದಲ್ಲಿ ಕೊನೆಗೊಂದು 'ಎ' ಇದ್ದರೆ ಒಬ್ಬ, ಇಲ್ಲದಿದ್ದರೆ ಇನ್ನೊಬ್ಬ. ಹಾಗಾಗಿ ಅರ್ಜಿ ತುಂಬುವ ಮುಂಚೆ ಒಂದು ಸಂಜೆ ಕೂತು ಎಲ್ಲಾ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಮೊದಲು ಅಪ್ಪ ಅಮ್ಮನ ಪಾಸ್‌ಪೋರ್ಟ್ ಸರಿ ಮಾಡಿಸಿ, ಆಮೇಲೆ ಮಕ್ಕಳದು. ಹೆತ್ತವರ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಪೊಲೀಸ್ ವಿಚಾರಣೆ ಕೂಡ ಇರುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, ಬರೀ ತಂದೆ ತಾಯಿ ಹೆಸರಿದೆ ಅಂತಾದರೆ ನೋಂದಣಿ ಮಾಡಿಸಿದ ಕಡೆಯೇ ಹೆಸರು ಸೇರಿಸಬೇಕು. ವರ್ಷದೊಳಗೆ ಪುಕ್ಕಟೆ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಈ ಕೆಲಸಕ್ಕೆ ಹೊರಡುವ ಎಷ್ಟೋ ತಿಂಗಳು ಮುಂಚೆ ಕೈ ಹಾಕಿ.

ಹಳೆಯ ಪಾಸ್‌ಪೋರ್ಟ್ ಇದ್ದರೆ ಅವಧಿ ನೋಡಿ. ಒಳಗೆ ಕಾಲಿಡುವ ದಿನದಿಂದ ಇನ್ನೂ ಆರು ತಿಂಗಳು ಬಾಕಿ ಇರಬೇಕು ಅಂತ ಬಹಳಷ್ಟು ದೇಶಗಳು ಕೇಳುತ್ತವೆ. ಗಂಡ ರಜೆ ಸಿಗದೆ ಆಮೇಲೆ ಬರ್ತಾರೆ, ಹೆಂಡತಿ ಮಕ್ಕಳ ಜೊತೆ ಮೊದಲು ಹೋಗ್ತಾರೆ ಅಂತಿದ್ದರೆ ಗಂಡನ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ. ಕೇಳಲಿಕ್ಕಿಲ್ಲ, ಆದರೆ ಕೇಳಿದಾಗ ಇಲ್ಲದಿದ್ದರೆ ಕಷ್ಟ.

ದೇಶ ಆರಿಸುವಾಗ ತಲೆ ಎಣಿಸಿ

ಅಗ್ಗದ ದೇಶ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ವೀಸಾ ಶುಲ್ಕ ತಲೆಗಿಷ್ಟು ಅಂತ ಇರುತ್ತದೆ, ಕೂಸಿಗೂ ಸೇರಿ. ವಿಯೆಟ್ನಾಂ ಇ-ವೀಸಾ 90 ದಿನದವರೆಗೆ ಸಿಗುತ್ತದೆ, ಒಂದು ಸಲ ಒಳಹೋಗುವುದಕ್ಕೆ ತಲೆಗೆ 25 ಡಾಲರ್. ನಾಲ್ವರಿಗೆ ನೂರು ಡಾಲರ್, ಇಷ್ಟು ದಿನಕ್ಕೆ ಅದು ಮೋಸವಿಲ್ಲ. ಬಾಲಿಗೆ ಹೋದರೆ ಇಂಡೋನೇಷ್ಯಾದ ಆಗಮನ ವೀಸಾ ತಲೆಗೆ 5 ಲಕ್ಷ ರುಪಿಯಾ. ಕೇಳಿ ಗಾಬರಿ ಆಗಬೇಡಿ, ಅವರ ರುಪಿಯಾ ನಮ್ಮ ರೂಪಾಯಿ ಮುಂದೆ ತುಂಬಾ ಚಿಕ್ಕದು. ಅದು 30 ದಿನಕ್ಕೆ, ಇನ್ನೊಂದು 30 ದಿನ ಬೇಕಾದರೆ ಮತ್ತೆ ಅಷ್ಟೇ ಕಟ್ಟಿ ಒಂದು ಸಲ ಮುಂದುವರಿಸಬಹುದು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಡುತ್ತಿದೆ, ಈ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ ಅಂತ ಘೋಷಣೆ ಆಗಿದೆ. ಹೊರಡುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು, ಅಷ್ಟೇ. ಥಾಯ್ಲೆಂಡ್ 2024ರ ಜುಲೈನಲ್ಲಿ ವೀಸಾ ಇಲ್ಲದ ವಾಸವನ್ನು 60 ದಿನಕ್ಕೆ ಏರಿಸಿತು, ಆಮೇಲೆ ಅದನ್ನು ಇಳಿಸುವ ಮಾತೂ ಶುರುವಾಯಿತು. ಟಿಕೆಟ್ ತೆಗೆಯುವ ದಿನವೇ ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡುವುದು ವಾಸಿ, ಯೂಟ್ಯೂಬ್ ವಿಡಿಯೋ ಅಲ್ಲ.

ಭೂತಾನ್ ಹತ್ತಿರ, ವೀಸಾ ಬೇಡ, ಹಾಗಾಗಿ ಅಗ್ಗ ಅಂದುಕೊಳ್ಳುವವರು ಬಹಳ ಜನ. ಅಲ್ಲಿ ಭಾರತೀಯರು ರಾತ್ರಿಗೆ ತಲೆಗೆ 1200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. 6ರಿಂದ 12 ವರ್ಷದವರಿಗೆ ಅರ್ಧ, 6ರೊಳಗಿನವರಿಗೆ ಇಲ್ಲ. ಗಂಡ ಹೆಂಡತಿ, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು ಅಂತ ಇಟ್ಟುಕೊಳ್ಳಿ: ರಾತ್ರಿಗೆ 3000, ಮೂವತ್ತು ರಾತ್ರಿಗೆ 90,000. ಇನ್ನೂ ಮನೆ ಇಲ್ಲ, ಊಟ ಇಲ್ಲ! ನಾಲ್ಕು ದಿನಕ್ಕೆ ಚೆಂದದ ದೇಶ, ತಿಂಗಳಿಗೆ ನಮ್ಮಂಥವರಿಗಲ್ಲ. ನೇಪಾಳ ಇದಕ್ಕೆ ಪೂರ್ತಿ ಉಲ್ಟಾ. ವೀಸಾ ಇಲ್ಲ, ಶುಲ್ಕ ಇಲ್ಲ, ಇಷ್ಟೇ ದಿನ ಅಂತ ಗಡುವೂ ಇಲ್ಲ. ಮೊದಲ ಸಲ ಹೋಗುವವರಿಗೆ, ಕೈಯಲ್ಲಿ ಕಡಿಮೆ ದುಡ್ಡು ಇರುವವರಿಗೆ ನಾನು ಹೇಳುವುದು ಪೋಖರಾ. ಕೆರೆ ದಂಡೆ ಉದ್ದಕ್ಕೂ ಮಕ್ಕಳು ನಡೆಯಬಹುದು, ಅನ್ನ-ಬೇಳೆ-ಪಲ್ಯದ ಊಟ ಎಲ್ಲಾ ಕಡೆ ಸಿಗುತ್ತದೆ.

ಹವಾಮಾನವನ್ನೂ ರಜೆಗೆ ಹೊಂದಿಸಿ ನೋಡಿ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಅಗ್ಗ ಅಂತ ಎಲ್ಲರೂ ಹೊಗಳುತ್ತಾರೆ, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಕಾಡು, ಹೊಲ ಸುಡುವ ಹೊಗೆ ಕವಿದಿರುತ್ತದೆ. ದಮ್ಮು, ಕೆಮ್ಮು ಇರುವ ಮಕ್ಕಳನ್ನು ಬೇಸಿಗೆ ರಜೆಗೆ ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ. ಬಾಲಿಯಲ್ಲಿ ಏಪ್ರಿಲ್‌ನಿಂದ ಮಳೆ ಕಡಿಮೆ, ಬೇಸಿಗೆ ರಜೆಗೆ ಸರಿ ಹೊಂದುತ್ತದೆ. ವಿಯೆಟ್ನಾಂನ ದಾ ನಾಂಗ್, ಹೊಯ್ ಆನ್ ಕಡೆ ಅಕ್ಟೋಬರ್-ನವೆಂಬರ್‌ನಲ್ಲಿ ಜಡಿಮಳೆ, ನೆರೆ. ದಸರಾ ರಜೆಗೆ ಅದು ಬೇಡ.

ನನ್ನ ಆಯ್ಕೆ ಮಲೇಷ್ಯಾದ ಪೆನಾಂಗ್ ದ್ವೀಪ. ಅದರ ಮುಖ್ಯ ಊರಾದ ಜಾರ್ಜ್ ಟೌನ್‌ನಲ್ಲಿ ತಮಿಳರು ತಲೆಮಾರುಗಳಿಂದ ಇದ್ದಾರೆ. ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ತೊಗರಿಬೇಳೆ, ಮೊಸರು, ಕರಿಬೇವು ಎಲ್ಲಾ ಸಿಗುತ್ತದೆ. ಊರೊಳಗೆ ಸುತ್ತುವ ಪುಕ್ಕಟೆ ಬಸ್ ಇದೆ. ನಮ್ಮ ಮಕ್ಕಳು ಅದರಲ್ಲಿ ಕೂತು ಊರಿಡೀ ಸುಮ್ನೆ ಒಂದು ಸುತ್ತು ಹಾಕಿ ಬರುವುದನ್ನೇ ಆಟ ಮಾಡಿಕೊಂಡಿದ್ದರು. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನ. ಅಲ್ಲಿಂದ ಬಟರ್‌ವರ್ತ್‌ಗೆ ಇಟಿಎಸ್ ರೈಲು, ಸುಮಾರು ನಾಲ್ಕು ಗಂಟೆ. ಸ್ಟೇಷನ್ನಿನಿಂದ ನಡೆದು ಹೋಗಿ ದೋಣಿ ಹತ್ತಿದರೆ ಎದುರಿಗೇ ದ್ವೀಪ.

ಅಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ಆಫೀಸ್ ಕೆಲಸ ಮಾಡ್ತೀನಿ ಅನ್ನುವವರು ಒಂದು ವಿಷಯ ತಿಳಿದಿರಲಿ. ಪ್ರವಾಸಿ ವೀಸಾ ಅಂದರೆ ಕೆಲಸದ ಅನುಮತಿ ಅಲ್ಲ. ಅದಕ್ಕೆಂದೇ ಮಲೇಷ್ಯಾದಲ್ಲಿ ಡಿಇ ರಾಂಟಾವ್ ಪಾಸ್, ಥಾಯ್ಲೆಂಡ್‌ನಲ್ಲಿ ಡಿಟಿವಿ ಅನ್ನುವ ವೀಸಾ, ಮಾರಿಷಸ್‌ನಲ್ಲಿ ಪ್ರೀಮಿಯಂ ವೀಸಾ ಇವೆ. ಡಿಟಿವಿಗೆ ಬ್ಯಾಂಕಿನಲ್ಲಿ 5 ಲಕ್ಷ ಬಾಟ್ ತೋರಿಸಬೇಕು. ಮಾರಿಷಸ್ ವೀಸಾಗೆ ಶುಲ್ಕ ಇಲ್ಲ, ತಿಂಗಳಿಗೆ 1500 ಡಾಲರ್ ಆದಾಯ ಇರಬೇಕು. ನಿಮ್ಮ ಕಂಪನಿಯ ಒಪ್ಪಿಗೆಯನ್ನೂ ಇಮೇಲ್‌ನಲ್ಲೇ ತೆಗೆದುಕೊಳ್ಳಿ, ಬಾಯಿಮಾತು ಸಾಲದು.

ಟಿಕೆಟ್, ಮತ್ತೆ ಬೆಂಗಳೂರಿನ ದಾರಿ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇಶದೊಳಗಿನ ವಿಮಾನ ಮಾತ್ರ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಅಂತ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯವರು ಕಾಯುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಮಕ್ಕಳಿದ್ದಾಗ ರೈಲೇ ವಾಸಿ. ವಂದೇ ಭಾರತ್, ಜನಶತಾಬ್ದಿಯಲ್ಲಿ ಹಗಲಲ್ಲೇ ಬೆಂಗಳೂರು ಸೇರಬಹುದು, ರಾತ್ರಿ ಹೊರಟು ಬೆಳಿಗ್ಗೆ ಇಳಿಯಲು ರಾಣಿ ಚೆನ್ನಮ್ಮ ಇದೆ. ವಿಮಾನ ನಡುರಾತ್ರಿಯದಾದರೆ ಹಗಲಿನ ರೈಲು ಹಿಡಿಯಿರಿ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣ ಸುಮಾರು 35 ಕಿಲೋಮೀಟರ್. ಬಿಎಂಟಿಸಿಯ ವಾಯುವಜ್ರ ಬಸ್ಸಿಗೆ ಸಾಮಾನು ಹಾಕಿದರೆ ಟ್ಯಾಕ್ಸಿ ದುಡ್ಡು ಉಳಿಯಿತು. ಸಂಜೆಯ ಟ್ರಾಫಿಕ್‌ಗೆ ಮಾತ್ರ ಧಾರಾಳವಾಗಿ ಟೈಮ್ ಇಟ್ಟುಕೊಳ್ಳಿ.

ಟೂರ್ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ಒಂದು ತೆರಿಗೆ ಮುರಿದುಕೊಳ್ಳುತ್ತಾರೆ. ಟಿಕೆಟ್ ನೀವೇ, ಮನೆ ನೀವೇ ಬೇರೆ ಬೇರೆ ಬುಕ್ ಮಾಡಿದರೆ ಅದು ಪ್ಯಾಕೇಜ್ ಅಲ್ಲ. ಮುರಿದ ದುಡ್ಡನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯವರೆಗೆ ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ದಿನ ಎಣಿಸುವಾಗ ಇಳಿದ ದಿನವೂ ಒಂದು ದಿನ. 30 ದಿನದ ವೀಸಾಗೆ 30ನೇ ದಿನದ ವಾಪಸ್ ಟಿಕೆಟ್ ತೆಗೆಯಬೇಡಿ, 27-28ರದ್ದು ತೆಗೆಯಿರಿ. ಮಗುವಿಗೆ ಜ್ವರ ಬಂದು ಹಾರಾಟ ಒಂದು ದಿನ ಮುಂದೆ ಹೋದರೂ ಉಸಿರಾಡಲು ಜಾಗ ಇರುತ್ತದೆ. ಬಾಲಿಯಲ್ಲಿ ಗಡುವು ಮೀರಿದರೆ ದಿನಕ್ಕೆ ತಲೆಗೆ 10 ಲಕ್ಷ ರುಪಿಯಾ ದಂಡ, ಥಾಯ್ಲೆಂಡ್‌ನಲ್ಲಿ 500 ಬಾಟ್.

ಮನೆ ಹಿಡಿಯುವುದು

ಬಾಡಿಗೆ ಮನೆಯ ವೆಬ್‌ಸೈಟ್‌ಗಳಲ್ಲಿ 28 ದಿನಕ್ಕೋ ಒಂದು ತಿಂಗಳಿಗೋ ತಾರೀಖು ಹಾಕಿ ನೋಡಿ. ಬಹಳಷ್ಟು ಮಾಲೀಕರು ತಿಂಗಳ ರಿಯಾಯಿತಿ ಇಟ್ಟಿರುತ್ತಾರೆ, ಇಪ್ಪತ್ತು ದಿನಕ್ಕೂ ತಿಂಗಳಿಗೂ ಹೆಚ್ಚುಕಡಿಮೆ ಒಂದೇ ದರ ಬರುವುದೂ ಉಂಟು. ಪೂರ್ತಿ ತಿಂಗಳಿಗೆ ಮೊದಲೇ ದುಡ್ಡು ಕಟ್ಟಲು ಧೈರ್ಯ ಬರದಿದ್ದರೆ ಮೊದಲ ವಾರಕ್ಕೆ ಮಾತ್ರ ಒಂದು ಗೆಸ್ಟ್ ಹೌಸ್ ಹಿಡಿದು, ಅದೇ ಓಣಿಗಳಲ್ಲಿ ಮಕ್ಕಳ ಜೊತೆ ಅಡ್ಡಾಡುತ್ತಾ ಮನೆ ಹುಡುಕಿ. ಕಣ್ಣಿಂದ ನೋಡಿದ ಮನೆಗೆ ಬಾಡಿಗೆ ಚೌಕಾಸಿ ಮಾಡಬಹುದು, ಫೋಟೋಗೆ ಮಾಡಲಿಕ್ಕಾಗಲ್ಲ ಅಲ್ವಾ? ಥಾಯ್ಲೆಂಡ್‌ನ ಅಪಾರ್ಟ್‌ಮೆಂಟ್‌ಗಳನ್ನು 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡಲು ಹೋಟೆಲ್ ಲೈಸೆನ್ಸ್ ಬೇಕು. ಹಾಗಾಗಿ ಅಲ್ಲಿ ತಿಂಗಳ ಬಾಡಿಗೆಯೇ ಸರಿಯಾದ ದಾರಿ.

ಕರೆಂಟ್ ಬಿಲ್ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ ಅಂತ ಮೊದಲೇ ಕೇಳಿ. ಬೇರೆಯಾದರೆ ಯೂನಿಟ್‌ಗೆ ಎಷ್ಟು ಅಂತಲೂ ಕೇಳಿ. ಆ ಸೆಕೆಯಲ್ಲಿ ಎಸಿ ಇಲ್ಲದೆ ಮಕ್ಕಳು ಮಲಗುವುದಿಲ್ಲ. ವಾಷಿಂಗ್ ಮಷೀನ್ ಇರಲೇಬೇಕು. ಪಾರ್ಕ್, ಕಿರಾಣಿ ಅಂಗಡಿ, ಕ್ಲಿನಿಕ್ ಮೂರೂ ನಡೆದು ಹೋಗುವಷ್ಟು ಹತ್ತಿರ ಇರಲಿ. ಸಮುದ್ರ ಕಾಣುವ ಕಿಟಕಿಗೆ ಕೊಡುವ ದುಡ್ಡನ್ನು ನಾನಾದರೆ ಇದಕ್ಕೆ ಕೊಡುತ್ತೇನೆ.

ಬಾಗಿಲು ತೆಗೆದ ಕೂಡಲೇ ಬಾಲ್ಕನಿಗೆ ಹೋಗಿ. ನಮ್ಮ ವಿದ್ಯಾನಗರದ, ಕೇಶ್ವಾಪುರದ ಮನೆಗಳಲ್ಲಿ ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್ ಇರುತ್ತದೆ, ಮಕ್ಕಳು ಅದಕ್ಕೇ ಹತ್ತಿ ಜೋತಾಡಿ ಬೆಳೆದಿರುತ್ತವೆ. ಅಲ್ಲಿ ಹದಿನಾಲ್ಕನೇ ಮಹಡಿಯ ಬಾಲ್ಕನಿಗೂ ಎದೆಯೆತ್ತರದ ಕಟಾಂಜನ ಮಾತ್ರ, ಪಕ್ಕದಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ, ಟೀಪಾಯಿ, ಹೂಕುಂಡ ಎಲ್ಲವನ್ನೂ ಒಳಗೆ ಎಳೆಯಿರಿ, ಬಾಗಿಲಿನ ಮೇಲಿನ ಚಿಲಕ ಹಾಕಿ, ಆಮೇಲೆ ಸೂಟ್‌ಕೇಸ್ ಬಿಚ್ಚಿ. ಸಾಧ್ಯವಾದರೆ ಎರಡನೇ ಮಹಡಿಯೊಳಗಿನ ಮನೆಯನ್ನೇ ಕೇಳಿ.

ದುಡ್ಡು ಮತ್ತು ಒಟಿಪಿ

ನಮ್ಮ ಕಾರ್ಡ್‌ಗಳು ಸಾಮಾನ್ಯವಾಗಿ ಹೊರದೇಶದ ಬಳಕೆಗೆ ಬಂದ್ ಆಗಿಯೇ ಬರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ಹಾಕಿಕೊಳ್ಳಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಒಂದು ಗಂಡನ ಹತ್ತಿರ, ಒಂದು ಹೆಂಡತಿ ಹತ್ತಿರ. ಕರೆನ್ಸಿ ಮಾರ್ಕಪ್ (ಹೊರದೇಶದ ಖರ್ಚಿನ ಮೇಲೆ ಬ್ಯಾಂಕು ಹಿಡಿಯುವ ಶುಲ್ಕ) ಇಲ್ಲದ ಕಾರ್ಡ್ ಹುಡುಕಿ, ಬಹಳ ಕಾರ್ಡುಗಳಲ್ಲಿ ಇದು ನೂರಕ್ಕೆ ಎರಡು-ಮೂರು ರೂಪಾಯಿ ತಿನ್ನುತ್ತದೆ. ಅಂಗಡಿಯ ಯಂತ್ರ "ಭಾರತದ ರೂಪಾಯಿಯಲ್ಲಿ ಕೊಡ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ರೇಟು. ಥಾಯ್ಲೆಂಡ್ ಎಟಿಎಂಗಳು ಪ್ರತಿ ಸಲ 220 ಬಾಟ್ ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತವೆ. ಪದೇ ಪದೇ ಚೂರುಚೂರು ತೆಗೆಯಬೇಡಿ. ನೇಪಾಳ, ಶ್ರೀಲಂಕಾ, ಮಾರಿಷಸ್‌ನಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಎಲ್ಲಾ ಅಂಗಡಿಯಲ್ಲಿ ಅಲ್ಲ.

ನಿಮ್ಮ ಊರಿನ ಸಿಮ್ ಕಳಚಿ ಡಬ್ಬಿಗೆ ಹಾಕಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ಮಾತ್ರ ಆಫ್ ಇಡಿ. ಎರಡನೇ ಸಿಮ್ ಅಲ್ಲಿಯದು ಹಾಕಿಕೊಳ್ಳಿ.

ಆರೋಗ್ಯ

ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಆರು ವಾರ ಮುಂಚೆಯೇ ಹೋಗಿ. ಲಸಿಕೆ ಕಾರ್ಡ್ ತೋರಿಸಿ, ಟೈಫಾಯ್ಡ್, ಹೆಪಟೈಟಿಸ್ ಎ ಆಗಿದೆಯೋ ಕೇಳಿ. ಮಗುವಿನ ಈಗಿನ ತೂಕ ಎಷ್ಟು, ಆ ತೂಕಕ್ಕೆ ಪ್ಯಾರಾಸಿಟಮಾಲ್ ಎಷ್ಟು ಮಿಲಿ ಅಂತ ಬರೆಸಿಕೊಳ್ಳಿ. ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ನಮ್ಮ ಬ್ರ್ಯಾಂಡ್ ಅಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಆ ದೇಶಗಳಲ್ಲೆಲ್ಲ ಡೆಂಗ್ಯೂ ಇದೆ. ಅಲ್ಲಿ ಜ್ವರ ಬಂದರೆ ಐಬುಪ್ರೊಫೇನ್ ಕೊಡಬೇಡಿ, ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು ಡಾಕ್ಟರಿಗೆ ತೋರಿಸಿ. ನಾಯಿ, ಕೋತಿ ಪರಚಿದರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ.

ಪ್ರವಾಸ ವಿಮೆಯನ್ನು ಇಲ್ಲಿಂದ ಹೊರಡುವ ಮುಂಚೆಯೇ ಮಾಡಿಸಿ, ಕೂಸಿಗೂ ಸೇರಿಸಿ. ಬಾಡಿಗೆ ಸ್ಕೂಟರ್ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ಬಿಡಬೇಕು. ಅಪ್ಪ, ಅಮ್ಮ, ಮುಂದೊಂದು ಮಗು, ನಡುವೆ ಒಂದು ಮಗು ಅಂತ ಹೊರಟು ಬಿದ್ದರೆ, ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದಿದ್ದರೆ, ವಿಮೆ ಕಂಪನಿ ಕೈ ಎತ್ತುತ್ತದೆ.

ಕೂಸಿಗೆ ಏನು ತಿನ್ನಿಸುವುದು

ಖಡಕ್ ಜೋಳದ ರೊಟ್ಟಿ. ವಾರಗಟ್ಟಲೆ ಕೆಡುವುದಿಲ್ಲ, ಭಾರವಿಲ್ಲ. ಚೀಲದಲ್ಲಿ ಹಾಕಿದರೆ ಪುಡಿಪುಡಿ ಆಗುತ್ತದೆ, ಅಗಲವಾದ ರಟ್ಟಿನ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಸಂದಿಗೆ ಮಕ್ಕಳ ಬನಿಯನ್ ತುರುಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಪುಡಿ ದೊಡ್ಡ ಸೂಟ್‌ಕೇಸಿಗೆ. ಅವಲಕ್ಕಿ ಒಂದು ಕಿಲೋ. ಹೊಸ ಜಾಗದ ಮೊದಲ ಮೂರು ದಿನ ಮಕ್ಕಳು ಏನನ್ನೂ ಮುಟ್ಟದಿದ್ದಾಗ ಮೊಸರು, ರೊಟ್ಟಿ, ಶೇಂಗಾ ಚಟ್ನಿ ಕೈ ಹಿಡಿಯುತ್ತವೆ. ಆಮೇಲೆ ಅವರೇ ನೂಡಲ್ಸ್ ಕೇಳುತ್ತಾರೆ.

ತರಬಾರದ್ದೂ ಇದೆ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಅಂಟಿನ ಉಂಡಿಯಲ್ಲಿ ಗಸಗಸೆ ಇರುತ್ತದೆ. ಸಿಂಗಾಪುರ ಮತ್ತು ಯುಎಇಯಲ್ಲಿ ಗಸಗಸೆ ನಿಷೇಧ, ಮಾದಕ ವಸ್ತುವಿನ ಲೆಕ್ಕ. ಅಲ್ಲಿ ವಿಮಾನ ಬದಲಿಸುವವರಂತೂ ಮುಟ್ಟಲೇಬೇಡಿ. ಧಾರವಾಡ ಪೇಡಾ ಹಾಲಿನದ್ದು, ಹಾಲಿನ ಪದಾರ್ಥಕ್ಕೆ ಹಲವು ದೇಶಗಳಲ್ಲಿ ತಡೆ ಇದೆ, ಆಯಾ ದೇಶದ ಕಸ್ಟಮ್ಸ್ ನಿಯಮ ನೋಡಿ ತೀರ್ಮಾನಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಬೀಗ ಹಾಕುವ ಮುಂಚೆ

ಸಿಲಿಂಡರ್ ರೆಗ್ಯುಲೇಟರ್ ಬಂದ್, ಹೆಸ್ಕಾಂ ಬಿಲ್ಲಿಗೆ ಆಟೋ ಪೇ, ಹಾಲಿನವರಿಗೆ ಹೇಳಿ ಹೋಗಿ. ಎಲ್ಲಕ್ಕಿಂತ ಮುಖ್ಯ, ಮನೆಯ ಒಂದೊಂದು ನಳವನ್ನೂ ತಿರುಗಿಸಿ ನೋಡಿ. ನೀರು ಇಲ್ಲದ ದಿನ ತೆರೆದ ನಳ ತೆರೆದೇ ಇರುತ್ತದೆ, ನೀವು ವಿಮಾನದಲ್ಲಿದ್ದಾಗ ಓಣಿಗೆ ನೀರು ಬಿಡುತ್ತಾರೆ. ಮೇನ್ ವಾಲ್ವ್ ಬಂದ್ ಮಾಡಿ, ಒಂದು ಕೀಲಿ ಪಕ್ಕದವರ ಹತ್ತಿರ ಕೊಡಿ.

ವಾಪಸ್ ಬರುವ ತಾರೀಖನ್ನು ಶಾಲೆ ಶುರುವಾಗುವ ಹಿಂದಿನ ದಿನಕ್ಕೆ ಇಡಬೇಡಿ, ಒಂದು ವಾರ ಬಿಡಿ. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಒಂಬತ್ತಕ್ಕೆ ಮಲಗುತ್ತಿದ್ದ ಮಗು ಇಲ್ಲಿ ಸಂಜೆ ಆರೂವರೆಗೇ ತೂಕಡಿಸುತ್ತದೆ, ನಾಲ್ಕು ಗಂಟೆಗೆದ್ದು ಆಟ ಶುರು ಮಾಡುತ್ತದೆ. ದಿನಕ್ಕೆ ಅರ್ಧ ಗಂಟೆಯಷ್ಟು ಮಲಗುವುದನ್ನು ಮುಂದೂಡುತ್ತಾ ಬನ್ನಿ, ಶಾಲೆಯ ಬೆಲ್ ಹೊಡೆಯುವ ಹೊತ್ತಿಗೆ ಸರಿಹೋಗುತ್ತದೆ.